ಹೆಸರಿನ ಮುಂದಿನ ಮೂರು ಅಕ್ಷರ

ಕಲ್ಲು ಮೊದಲು ಕಿಟಕಿಯ ಗಾಜಿಗೆ ಬಡಿಯಿತು, ಆಮೇಲೆ ನನ್ನ ಊಟದ ಡಬ್ಬಿಗೆ. ಆಗಷ್ಟೇ ಮುಚ್ಚಳ ತೆಗೆದಿದ್ದೆ. ಎರಡು ಚಪಾತಿ, ಬದನೆಕಾಯಿ ಎಣಗಾಯಿ, ಮೂಲೆಯಲ್ಲಿ ಒಂದಿಷ್ಟು ಶೇಂಗಾ ಹಿಂಡಿ. ಕಂಪ್ಯೂಟರ್ ಕೋಣೆಯಲ್ಲಿ ಊಟ ಮಾಡಬಾರದೆಂದು ಗೋಡೆಗೆ ಕಾಗದ ಅಂಟಿಸಿದ್ದರು, ನಿಜ. ಆದರೆ ಇಡೀ ಕಚೇರಿಯಲ್ಲಿ ತಂಪಾಗಿದ್ದ ಕೋಣೆ ಅದೊಂದೇ. ಮಧ್ಯಾಹ್ನ ಬಾಗಿಲು ಮುಂದೆ ಮಾಡಿಕೊಂಡು ಅಲ್ಲೇ ಉಣ್ಣುತ್ತಿದ್ದೆ. ಎಣಗಾಯಿಯ ಎಣ್ಣೆಯ ಮೇಲೆ ಗಾಜಿನ ಪುಡಿ ಕಲ್ಲುಸಕ್ಕರೆಯಂತೆ ಹೊಳೆಯುತ್ತಿತ್ತು. ಕೈ ನೋಡಿಕೊಂಡರೆ ಮುಂಗೈಯಲ್ಲಿ ಎರಡು ಕಡೆ ರಕ್ತ.

ಹೊರಗೆ ಗಂಟಲು ಹರಿದುಹೋಗುವಂಥ ಕೂಗು. "ಹೊರಗ ತಗೀರಿ ಆ ಕಂಪ್ಯೂಟರ ಡಬ್ಬೀನ! ಅದರ ಹೊಟ್ಟಿ ಸೀಳಿ ನೋಡ್ತೇನಿ, ನನ್ನ ಹೊಲಾ ಎಲ್ಲಿ ನುಂಗಿ ಇಟ್ಟೈತಿ ಅಂತ!"

ದನಿ ಯಾರದೆಂದು ಎದ್ದು ನೋಡಬೇಕಾಗಿರಲಿಲ್ಲ. ಆ ತಿಂಗಳಲ್ಲಿ ಅವನು ಬಂದದ್ದು ಅದು ಮೂರನೆಯ ಸಲ. ಎರಡನೆಯ ಕಲ್ಲು ಪ್ರಿಂಟರಿನ ನೆತ್ತಿಗೆ ಬಿದ್ದು ಪ್ಲಾಸ್ಟಿಕ್ಕು ಸೀಳಿತು. ಮೂರನೆಯದು ಗೋಡೆಗೆ ತಾಗಿ ನನ್ನ ಕಾಲ ಬಳಿ ಉರುಳಿತು. ಆಗ ಕಂಡೆ, ಅವು ರಸ್ತೆಯ ಬದಿಯಲ್ಲಿ ಆರಿಸಿದ ಕಲ್ಲುಗಳಲ್ಲ. ಒಂದು ಮಗ್ಗುಲಿಗೆ ಹಸಿ ಮಣ್ಣು, ಹುಲ್ಲಿನ ಬೇರು ಮೆತ್ತಿತ್ತು. ಹೊಲದ ಬದುವಿನಿಂದ ಕಿತ್ತ ಕಲ್ಲು. ಗೊಬ್ಬರದ ಚೀಲದಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ಹೊತ್ತು ತಂದಿದ್ದ.

ನಾನು ಆಗ ಖಾನಾಪುರ ಸೀಮೆಯ ಒಂದು ಕಂದಾಯ ಕಚೇರಿಯಲ್ಲಿ ಗುಮಾಸ್ತೆ. ಮನೆ ಬೆಳಗಾವಿಯ ಮಹಾಂತೇಶ ನಗರದಲ್ಲಿ. ಬೆಳಿಗ್ಗೆ ಏಳಕ್ಕೆ ಡಬ್ಬಿ ಕಟ್ಟಿಕೊಂಡು ಹೊರಟರೆ ಬಸ್‌ಸ್ಟ್ಯಾಂಡು, ಅಲ್ಲಿಂದ ಖಾನಾಪುರದ ಬಸ್ಸು. ಕಚೇರಿಗೆ ಕಂಪ್ಯೂಟರ್ ಬಂದಾಗ ಟೈಪಿಂಗ್ ಬಲ್ಲವಳು ನಾನೊಬ್ಬಳೇ ಎಂದು ನನ್ನನ್ನು ಅದರ ಮುಂದೆ ಕೂರಿಸಿದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕು, ದೇವರ ಕೋಣೆಯ ಹಾಗೆ. ಮೊದಲ ದಿನ ಅದಕ್ಕೆ ಹೂವು ಏರಿಸಿ ಕಾಯಿ ಒಡೆದಿದ್ದರು.

ಹೊರಗೆ ಗದ್ದಲ ಕೇಳಿ, ಬೇರೆ ಯಾವುದೋ ಕೆಲಸಕ್ಕೆ ಬಂದಿದ್ದ ಇಬ್ಬರು ಪೊಲೀಸರು ಓಡಿ ಹೋದರು. ಒಡೆದ ಕಿಟಕಿಯಲ್ಲಿ ಎಲ್ಲ ಕಾಣುತ್ತಿತ್ತು. ಒಬ್ಬ ಅವನ ಅಂಗಿಯ ಕೊರಳಪಟ್ಟಿ ಹಿಡಿದು ನೆಲಕ್ಕೆ ಎಳೆದ. ಇನ್ನೊಬ್ಬ ಲಾಠಿಯಿಂದ ಮೀನಖಂಡಕ್ಕೆ, ಸೊಂಟಕ್ಕೆ, ಮತ್ತೆ ಮೀನಖಂಡಕ್ಕೆ. ಹಸಿ ಬಟ್ಟೆಯನ್ನು ಒಗೆಯುವ ಕಲ್ಲಿಗೆ ಬಡಿದಂಥ ಸಪ್ಪಳ. ಅವನು ತಲೆ ಮುಚ್ಚಿಕೊಳ್ಳಲಿಲ್ಲ. ಎರಡೂ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲವನ್ನು ಎದೆಗೆ ಒತ್ತಿ ಹಿಡಿದು ಮುದುಡಿಕೊಂಡ. ಅದರಲ್ಲಿ ಹಳೆಯ ಉತಾರ, ಅಂದರೆ ಕೈಯಿಂದ ಬರೆದ ಪಹಣಿಯ ನಕಲು ಇತ್ತು. ನನಗೆ ಗೊತ್ತಿತ್ತು, ಮೊದಲ ಸಲ ಬಂದಾಗ ಅದನ್ನೇ ತೋರಿಸಿದ್ದ.

ನಮ್ಮ ಕಚೇರಿಯ ಜವಾನ, ವಯಸ್ಸಾದ ಮನುಷ್ಯ, ಎಲ್ಲರೂ ಚಾಚಾ ಎನ್ನುತ್ತಿದ್ದೆವು, ಒಳಗೆ ಬಂದು ನನ್ನ ಕುರ್ಚಿ ಹಿಂದಕ್ಕೆ ಎಳೆದ.

"ಅಕ್ಕಾರ, ನೀವು ಹಿಂದ ಸರೀರಿ. ಹುಚ್ಚ ಹಿಡದೈತಿ ಅಂವಗ. ಡಬ್ಬಿ ಒಳಗ ಹೊಲ ಹುಡಕಾಕತ್ತಾನ!"

ಹಾಗೆಂದು ನಕ್ಕ. ಬಾಗಿಲಲ್ಲಿ ನಿಂತಿದ್ದ ಇನ್ನೂ ಕೆಲವರು ನಕ್ಕರು. ನಾನು ಊಟದ ಡಬ್ಬಿಯ ಮುಚ್ಚಳ ಹಾಕಿದೆ. ಅವನಿಗೆ ಹುಚ್ಚು ಹಿಡಿದಿರಲಿಲ್ಲ. ಅವನ ಹೊಲ ಆ ಕಂಪ್ಯೂಟರ್ ಡಬ್ಬಿಯೊಳಗೇ ಕಳೆದಿತ್ತು. ಕಳೆದವಳು ನಾನು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಅಪ್ಪ ಸತ್ತರೆ ಪಹಣಿಯಲ್ಲಿ ಎಲ್ಲ ಮಕ್ಕಳ ಹೆಸರು ಏರಿಸುವ ರೂಢಿ ಇರಲಿಲ್ಲ. ಹಿರಿಯ ಮಗನ ಹೆಸರೊಂದನ್ನೇ ಬರೆದು, ಅದರ ಮುಂದೆ ಚುಕ್ಕಿ ಇಟ್ಟು ಇಟ್ಟು ಮೂರು ಅಕ್ಷರ ಬರೆಯುತ್ತಿದ್ದರು: ಏ.ಕು.ಕ. ಏಕತ್ರ ಕುಟುಂಬದ ಕರ್ತಾ. ಅಂದರೆ ಈ ಹೊಲ ಇವನೊಬ್ಬನದಲ್ಲ, ಕೂಡಿದ ಮನೆಯದು, ಎಲ್ಲರ ಪರವಾಗಿ ಇವನ ಹೆಸರು ಅಷ್ಟೇ. ತಮ್ಮಂದಿರು, ಅವರ ಹೆಂಡತಿ ಮಕ್ಕಳು, ಗಂಡ ಸತ್ತು ತವರಿಗೆ ಬಂದ ಅಕ್ಕ, ಎಲ್ಲರೂ ಆ ಮೂರು ಚುಕ್ಕಿಯ ಬೆನ್ನಿಗೆ ನಿಂತು ಬದುಕುತ್ತಿದ್ದರು. ಮುಂದೆ ಅಣ್ಣತಮ್ಮಂದಿರು ಬಾಯಿಮಾತಿನಲ್ಲೇ ಹೊಲ ಹಂಚಿಕೊಂಡು, ನಡುವೆ ಬದು ಹಾಕಿ, ಬೇರೆ ಬೇರೆ ಉಳುತ್ತಿದ್ದರು. ಕಾಗದದಲ್ಲಿ ಮಾತ್ರ ಆ ಒಂದು ಹೆಸರು, ಆ ಮೂರು ಅಕ್ಷರ. ಊರು ಊರೇ ಹಾಗೆ.

ಆ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸ ಹೊಸ ಶತಮಾನ ಬರುವುದಕ್ಕೆ ಮುಂಚೆಯೇ ಶುರುವಾಗಿತ್ತು. ಪರದೆಯ ಮೇಲೆ ಮಾಲೀಕನ ಹೆಸರಿಗೆ ಒಂದು ಮನೆ, ತಂದೆಯ ಹೆಸರಿಗೆ ಒಂದು, ಅಡ್ಡಹೆಸರಿಗೆ ಒಂದು. ಏ.ಕು.ಕ.ಗೆ ಮನೆಯಿಲ್ಲ. ಮೇಲುಸ್ತುವಾರಿಗೆ ಬೆಂಗಳೂರಿನಿಂದ ಬಂದಿದ್ದವರನ್ನು ಕೇಳಿದೆ. ಅವರು ಹಳೆಯ ಪುಸ್ತಕದ ಹಾಳೆ ತಿರುವಿ ನೋಡಿ ನಗತೊಡಗಿದರು.

"ಏನ್ ಮೇಡಂ, ನಿಮ್ ಕಡೆ ಎಲ್ರಿಗೂ ಒಂದೇ ಇನಿಷಿಯಲ್ಲಾ? ಏ ಕು ಕ, ಏ ಕು ಕ. ಇಡೀ ಊರೇ ಒಬ್ಬ ಅಪ್ಪಂಗೆ ಹುಟ್ಟಿರೋ ಹಾಗಿದೆ!"

"ಅದು ಇನಿಷಿಯಲ್ ಅಲ್ರಿ ಸರ್. ಅದನ್ನ ಬಿಟ್ರ ಮನಿ ಮನಿಯೊಳಗ ಹೊಡದಾಡ್ತಾರ."

"ಹಾಗಾದ್ರೆ ಇತರ ಹಕ್ಕು ಅಂತ ಇನ್ನೊಂದು ಕಾಲಂ ಇದ್ಯಲ್ಲ, ಅಲ್ಲಿ ಹಾಕಿ. ಹೆಸರಿನ ಜಾಗದಲ್ಲಿ ಹೆಸರು ಮಾತ್ರ."

ಹಾಗೇ ಮಾಡಿದೆ. ಆ ಇನ್ನೊಂದು ಕಾಲಂಗೆ ಹೋಗಲು ಪುಟ ಉಳಿಸಬೇಕು, ಮುಂದಿನ ಪುಟ ತೆರೆಯಬೇಕು, ಮೂರು ಅಕ್ಷರ ಹೊಡೆಯಬೇಕು, ಮತ್ತೆ ಉಳಿಸಬೇಕು. ಕರೆಂಟು ಹೋದರೆ ಎಲ್ಲ ಮೊದಲಿನಿಂದ. ತಿಂಗಳುಗಟ್ಟಲೆ ಒಂದೂ ಬಿಡದೆ ಹೊಡೆದೆ. ಕೊನೆಗೆ ಆರು ಹಳ್ಳಿ ಉಳಿದವು. ಮೇಲಿನಿಂದ ದಿನಾ ಫೋನು, ಮುಗಿಯಿತೇ, ಮುಗಿಯಿತೇ. ಆ ಪುಟ ತೆರೆದಾಗಲೆಲ್ಲ ಯಂತ್ರ ನಿಂತುಹೋಗುತ್ತಿತ್ತು. ಒಂದು ಮಧ್ಯಾಹ್ನ, ಬೆರಳಿನ ಗಂಟುಗಳು ನೋಯುತ್ತಿದ್ದವು, ಒಂದು ಹೆಸರಿಗೆ ಆ ಪುಟ ತೆರೆಯದೆ ಮುಂದಕ್ಕೆ ಹೋದೆ. ತಪ್ಪಿದ್ದರೆ ಹಳ್ಳಿಯ ಲೆಕ್ಕಪತ್ರ ಇಡುವ ತಲಾಠಿ ತಾಳೆ ನೋಡುವಾಗ ಹಿಡಿಯುತ್ತಾರೆ ಎಂದುಕೊಂಡೆ. ಇನ್ನೊಂದಕ್ಕೂ ತೆರೆಯಲಿಲ್ಲ. ಆರು ಹಳ್ಳಿ ಬೇಗ ಮುಗಿದವು. ನಮ್ಮ ತಹಶೀಲ್ದಾರ್ ಸಾಹೇಬರು ಎಲ್ಲರಿಗೂ ಪೇಡೆ ಹಂಚಿದರು.

ತಾಳೆ ನೋಡಲು ಅಚ್ಚು ಹಾಳೆಗಳ ಕಟ್ಟು ತಲಾಠಿಗೆ ಹೋಯಿತು. ಅವರಿಗೆ ನಿವೃತ್ತಿ ಹತ್ತಿರವಿತ್ತು, ಕಂಪ್ಯೂಟರೆಂದರೆ ಮೈಯೆಲ್ಲ ಉರಿ. ನನ್ನೆದುರೇ ನಿಂತು, ಒಂದೂ ಹಾಳೆ ಓದದೆ, ಕಟ್ಟಿನ ಮೂಲೆ ಮಡಚುತ್ತ ಸರಸರ ಸಹಿ ಹಾಕಿದರು.

"ಬಾಯಾರ, ಇಪ್ಪತ್ತೆಂಟ ವರ್ಷ ಆ ಬುಕ್ಕ ಬಗಲಾಗ ಇಟಗೊಂಡ ತಿರಗೇನಿ. ನನ್ನ ಹೆಣ್ತಿ ಬಗಲಾಗೂ ಅಷ್ಟ ದಿವಸ ಮಲಗಿಲ್ಲ. ಈ ನಿಮ್ಮ ಡಬ್ಬಿ ಒಂದ ಮಳಿಗಾಲ ತಡಿಯಂಗಿಲ್ಲ. ಕಡೀಕೆ ನನ್ನ ಬುಕ್ಕಿಗೇ ಬರತೀರಿ."

"ಒಮ್ಮೆ ನೋಡಿ ಸಹಿ ಮಾಡ್ರೆಲಾ," ಅಂದೆ. ಅಷ್ಟೇ ಅಂದೆ. ಏನು ನೋಡಬೇಕೆಂದು ಹೇಳಲಿಲ್ಲ.

ಡಬ್ಬಿ ತಡೆಯಿತು. ಕೈಬರಹದ ಪಹಣಿ ಇನ್ನು ನಡೆಯುವುದಿಲ್ಲ, ಕಂಪ್ಯೂಟರಿನದೇ ಖರೆ ಎಂದು ಕಚೇರಿಯ ಬಾಗಿಲಿಗೆ ನೋಟೀಸು ಅಂಟಿಸಿದರು. ಜನರಿಗೆ ಒಳ್ಳೆಯದೂ ಆಯಿತು, ಅದು ಸುಳ್ಳಲ್ಲ. ಮೊದಲು ಒಂದು ಉತಾರಕ್ಕೆ ತಲಾಠಿಯ ಮನೆಯ ಕಟ್ಟೆ ಕಾಯಬೇಕಿತ್ತು, ಅವರು ಮದುವೆಗೆ ಹೋದರೆ ನೀವೂ ಮದುವೆಗೆ ಹೋಗಬೇಕಿತ್ತು. ಈಗ ಕಿಟಕಿಯಲ್ಲಿ ಹೆಸರು ಹೇಳಿದರೆ ಕೈಗೆ ಬಿಸಿ ಕಾಗದ. ಮುದುಕಿಯರು ಅದನ್ನು ಕಣ್ಣಿಗೆ ಒತ್ತಿಕೊಂಡು ಹೋದದ್ದನ್ನು ನೋಡಿದ್ದೇನೆ.

ಅವನು ಮೊದಲ ಸಲ ಬಂದದ್ದೂ ಹಾಗೇ, ಸಂತೋಷದಿಂದ. ನಲವತ್ತರ ಗಂಡಸು, ಕೆಂಚು ಮೀಸೆ, ತೋಳು ಮಡಚಿದ ಅಂಗಿ. ಮನೆಮಾತು ಮರಾಠಿ, ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಸಾಲಕ್ಕೆ ಸೊಸೈಟಿಗೆ ಕೊಡಲು ಉತಾರ ಬೇಕಿತ್ತು. ಅಚ್ಚು ಹಾಳೆ ಕೊಟ್ಟೆ. ಅವನು ಅದನ್ನು ಹಳೆಯ ಕೈಬರಹದ ಹಾಳೆಯ ಪಕ್ಕ ಇಟ್ಟು, ಬೆರಳಿಟ್ಟು ನೋಡುತ್ತ ಬಹಳ ಹೊತ್ತು ನಿಂತ.

"ಬಾಯಾರ, ಇಲ್ಲಿ ನಮ್ಮ ದಾದಾನ ಹೆಸರಿನ ಮುಂದ ಮೂರ ಅಕ್ಷರ ಇರತಿದ್ದೂ. ಚುಕ್ಕಿ ಚುಕ್ಕಿ ಇಟ್ಟ. ಎಲ್ಲಿ ಹೋದೂ?"

ಓದಲು ಬಾರದವನಿಗೆ ಚುಕ್ಕಿ ಕಂಡಿತ್ತು.

"ತಿದ್ದುಪಡಿ ಅರ್ಜಿ ಕೊಡ್ರಿ," ಅಂದೆ. "ನಿಮ್ಮ ಅಣ್ಣಗ ನೋಟೀಸ ಹೋಗತೈತಿ. ಅವರು ಒಪ್ಪಿದ್ರ ಹಾಕಿ ಕೊಡತಾರ."

"ದಾದಾ ಯಾಕ ಒಪ್ಪಂಗಿಲ್ಲ? ಒಪ್ತಾನ," ಎಂದು ನಕ್ಕು ಅರ್ಜಿಗೆ ಹೆಬ್ಬೆಟ್ಟು ಒತ್ತಿ ಹೋದ.

ಹೋದ ನೋಟೀಸೇ ಕೆಲಸ ಕೆಡಿಸಿತು. ಅಲ್ಲಿಯವರೆಗೆ ಅಣ್ಣನಿಗೆ ಏನೂ ಗೊತ್ತಿರಲಿಲ್ಲ. ನೋಟೀಸು ಓದಿಸಿಕೊಂಡ ಮೇಲೆ ಹೊಳೆಯಿತು, ಹೊಸ ಕಾಗದದಲ್ಲಿ ಹೊಲ ತನ್ನೊಬ್ಬನದು. ಹತ್ತು ದಿನದ ನಂತರ ತಮ್ಮ ಎರಡನೆಯ ಸಲ ಬಂದಾಗ ಅವನ ಮೇಲ್ದುಟಿ ಸೀಳಿತ್ತು, ಒಂದು ಹಲ್ಲು ಇರಲಿಲ್ಲ.

"ದಾದಾ ಹೊಡದಾ," ಅಂದ. ಹೊಡೆತಕ್ಕಿಂತ ಮಾತು ನೋಯಿಸಿದ ಹಾಗಿತ್ತು. "ಸರಕಾರನ ಹೇಳತೈತಿ ಹೊಲ ನಂದಂತ, ನೀ ಯಾಂವಲೇ, ಅಂದಾ. ನನಗ, ಯಾಂವಲೇ ಅಂದಾ ರೀ. ನನ್ನ ಹೆಣ್ತಿನ ಕೂದಲ ಹಿಡದ ಬಾಂವಿ ತನಕಾ ಎಳದಾ. ನೀವ ಆ ಅಕ್ಷರ ಹಾಕಿ ಕೊಡ್ರಿ ಬಾಯಾರ. ತೋರಿಸಿ ಬಿಡತೇನಿ. ನೋಡಿದ್ರ ಸುಮ್ಮನಾಗತಾನ."

ನಾನು ನಿಯಮ ಹೇಳಿದೆ. ಅಣ್ಣ ತಕರಾರು ಹಾಕಿದ್ದಾನೆ, ವಿಚಾರಣೆ ಆಗಬೇಕು, ದಿನ ಹಿಡಿಯುತ್ತದೆ. ಎಲ್ಲ ನಿಜ. ಆದರೆ ಒಂದನ್ನು ಹೇಳಲಿಲ್ಲ. ಅಕ್ಷರ ಬಿಟ್ಟದ್ದು ಕಚೇರಿಯ ತಪ್ಪು ಎಂದು ಕಚೇರಿಯವರೇ ಬರೆದುಕೊಟ್ಟರೆ, ಯಾರ ಒಪ್ಪಿಗೆಯೂ ಬೇಡ, ಸಾಹೇಬರು ಹಳೆಯ ಪುಸ್ತಕ ನೋಡಿ ತಾವೇ ತಿದ್ದಬಹುದಿತ್ತು. ಅದಕ್ಕೆ ತಪ್ಪು ಮಾಡಿದವರು ಬಾಯಿ ಬಿಡಬೇಕಿತ್ತು. ಅವನ ತುಟಿಯಿಂದ ಇಳಿದ ರಕ್ತದ ಹನಿ ಕಿಟಕಿಯ ಹಲಗೆಯ ಮೇಲೆ ಬಿತ್ತು. ಅವನು ಹೋದ ಮೇಲೆ ನೀರು ಹಾಕಿ ಒರೆಸಿದೆ.

ಅದಾದ ನಾಲ್ಕನೆಯ ದಿನ ಅಣ್ಣ ನಡುವಿನ ಬದು ಕಿತ್ತು ಹಾಕಿದ. ಆ ಕಲ್ಲುಗಳೇ ನನ್ನ ಕಿಟಕಿಗೆ ಬಂದದ್ದು.

ಲಾಠಿಯೇಟು ತಿಂದವನನ್ನು ಜೀಪಿನಲ್ಲಿ ಹಾಕಿಕೊಂಡು ಹೋದರು. ಒಂದು ದಿನ ಕೂರಿಸಿ ಬಿಟ್ಟರು. ಕಚೇರಿಯಲ್ಲಿ ಒಂದು ವಾರ ಅದೇ ಮಾತು, ಪ್ರಿಂಟರ್ ಯಾರು ರಿಪೇರಿ ಮಾಡಿಸಬೇಕು, ಕಿಟಕಿಗೆ ಜಾಳಿಗೆ ಹಾಕಿಸಬೇಕೋ ಹಲಗೆ ಹೊಡೆಸಬೇಕೋ. ನಾನು ಮುಂಗೈಗೆ ಪಟ್ಟಿ ಸುತ್ತಿಕೊಂಡು ಟೈಪು ಮಾಡಿದೆ. ಮನೆಯಲ್ಲಿ ಏನಾಯಿತೆಂದು ಕೇಳಿದರೆ ಕಿಟಕಿ ಒಡೆಯಿತು ಅಂದೆ.

ಮೃಗಶಿರಾ, ನಮ್ಮ ಕಡೆಯ ಮಿರಗದ ಮಳೆ, ಎರಡು ಸಲ ಬಿದ್ದ ಮೇಲಿನ ಒಂದು ಬೆಳಿಗ್ಗೆ. ಬಸ್ಸು ಕಿಕ್ಕಿರಿದಿತ್ತು, ನನಗೆ ಹಿಂದಿನ ಸೀಟು ಸಿಕ್ಕಿತ್ತು. ಮುಂದಿನ ಸೀಟಿನಲ್ಲಿ ಇಬ್ಬರು ಮುದುಕರು ಎಲೆ ಅಡಿಕೆ ಹಾಕುತ್ತ ಮಾತಾಡುತ್ತಿದ್ದರು.

"ನಿನ್ನೆ ನಮ್ಮ ಬಾಜೂ ಊರಾಗ ಕೊಯ್ತಾ ಹಾಕಿ ಕಡದಾರಲ್ಲೋ."

"ಯಾರಿಗೆ?"

"ಅಣ್ಣ ತಮ್ಮಗ. ಭಾವುಬಂದಕಿ, ದಾಯಾದಿ ಜಗಳ. ತಮ್ಮ ಕೂರಿಗಿಗೆ ಅಡ್ಡ ನಿಂತಿದ್ನಂತ. ಇದು ನನ್ನ ಪಾಲ ಅಂತ ಕೈ ಎತ್ತಿದಾ. ಎತ್ತಿದ ಕೈ ಮ್ಯಾಲನ ಹಾಕ್ಯಾನ."

"ಯವ್ವಾ! ಕೈ ಹೋತೇನು?"

"ಮೂರ ಬಟ್ಟ, ನಡುವಿನ ಮೂರೂ ಬೆರಳ. ಹೆಣ್ತಿ ರಾಡಿಯೊಳಗಿಂದ ಆರಿಸಿ ಪದರಿನ್ಯಾಗ ಕಟಗೊಂಡ ಬೆಳಗಾವಿ ದೊಡ್ಡ ದವಾಖಾನಿಗೆ ಒಯ್ದಾಳ. ಕಟ್ಟಿಗಿ ತುಂಡ ಆರಿಸಿದಂಗ."

"ಏನ ಬಂದಿತ್ತಪಾ ಅಂಥಾದ್ದು?"

"ಏನೋ ಹೊಸಾ ಕಂಪ್ಯೂಟರ ಉತಾರ ಅಂತ. ಅದರಾಗ ತಮ್ಮ ಇಲ್ಲಂತ. ಇಪ್ಪತ್ತ ವರ್ಷ ಕಣ್ಣಮುಂದ ಉತ್ತಾಂವ, ಕಾಗದದಾಗ ಇಲ್ಲ ಅಂದ್ರ ಇಲ್ಲ!"

ಇನ್ನೊಬ್ಬ ಕಿಟಕಿಯಿಂದ ಹೊರಗೆ ಉಗುಳಿ ಬಾಯಿ ಒರೆಸಿಕೊಂಡ. "ಮೊದ್ಲ ತಲಾಠಿ ತಿಂತಿದ್ದಾ. ಈಗ ಮಶೀನ ತಿಂತೈತಿ."

ಬಸ್ಸು ಪೀರನವಾಡಿಯಲ್ಲಿ ನಿಂತಿತು. ನಾನು ಜನರನ್ನು ತಳ್ಳಿಕೊಂಡು ಇಳಿದೆ. ಕಂಡಕ್ಟರ್, "ಬಾಯಾರ, ಖಾನಾಪುರ ಇನ್ನೂ ಭಾಳ ದೂರ ಐತಿ," ಎಂದು ಕೂಗಿದ. ರಸ್ತೆ ದಾಟಿ, ಬೆಳಗಾವಿಯ ಕಡೆ ಹೋಗುವ ಟೆಂಪೋ ಹತ್ತಿದೆ.

ದವಾಖಾನೆಯ ಗಂಡಸರ ವಾರ್ಡಿನಲ್ಲಿ ಕೊನೆಯ ಮಂಚ. ಬಲಗೈ ಬಾಳೆಹೂವಿನ ಮೂತಿಯಷ್ಟು ದಪ್ಪಗೆ ಸುತ್ತಿದ್ದರು, ಸುತ್ತಿದ ಬಟ್ಟೆ ತುದಿಯಲ್ಲಿ ಕಂದಾಗಿತ್ತು. ಬೆರಳು ಕೂಡಿಸಲು ಆಗಲಿಲ್ಲವಂತೆ. ಹೆಂಡತಿ ನೆಲದ ಮೇಲೆ ಕೂತಿದ್ದಳು. ಸೆರಗಿನ ಒಂದು ತುದಿ ಒಗೆದರೂ ಹೋಗದಷ್ಟು ಕರಿದಾಗಿತ್ತು, ಹಣೆಯ ಮೇಲೆ ಕೂದಲು ಕಿತ್ತ ಜಾಗ ಬೋಳಾಗಿ ಕಾಣುತ್ತಿತ್ತು. ಎಂದೋ ಕಚೇರಿಯ ಕಿಟಕಿಯಲ್ಲಿ ನನ್ನನ್ನು ಕಂಡಿದ್ದವಳು, ನೋಡಿದ್ದೇ ಎದ್ದು ನಿಂತಳು.

"ಆಫೀಸಿನ ಬಾಯಾರ ಬಂದಾರ ನೋಡ್ರಿ," ಎಂದು ಗಂಡನಿಗೆ ಹೇಳಿದಳು. "ಒಬ್ಬರೂ ಬಂದಿಲ್ಲ ಬಾಯಾರ. ಭಾವಕಿ ಬಳಗದವರು ಒಬ್ಬರೂ ಹಣಿಕಿ ಹಾಕಿಲ್ಲ. ನೀವ ಬಂದ್ರಿ. ಕುಂದರ್ರಿ."

ಕೂತೆ. ನನ್ನ ಡಬ್ಬಿ ಅವಳ ಕೈಗೆ ಕೊಟ್ಟೆ. ಅವನು ಕಣ್ಣು ತೆರೆದ. ಜ್ವರವಿತ್ತು, ತುಟಿ ಒಣಗಿತ್ತು.

"ಸಿಕ್ಕೂವೇನ್ರಿ ಬಾಯಾರ?"

"ಏನು?"

"ಆ ಮೂರ ಅಕ್ಷರ."

"ಹುಡಕಾಕತ್ತೇವ್ರಿ," ಅಂದೆ. ಅಂಥ ಸುಳ್ಳು ಅದಕ್ಕೂ ಮುಂಚೆ ಹೇಳಿರಲಿಲ್ಲ, ಆಮೇಲೂ ಹೇಳಿಲ್ಲ. ಅವಳು ನನ್ನ ಚಪಾತಿ ಮುರಿದು, ಪಲ್ಲೆಯಲ್ಲಿ ಅದ್ದಿ, ಅವನ ಬಾಯಿಗೆ ಇಡುತ್ತಿದ್ದಳು. ನಾನು ನೋಡುತ್ತ ಕೂತೆ.

ಅಣ್ಣನನ್ನು ಪೊಲೀಸರು ಹಿಡಿದು ಜೇಲಿಗೆ ಹಾಕಿದರು. ಆದರೆ ಹೊಲದ ಕಾಗದ ಹಾಗೇ ಇತ್ತು. ಜೇಲಿನಲ್ಲಿದ್ದರೂ ಮಾಲೀಕ ಅವನೇ. ಅವನ ಮಕ್ಕಳು, ಹೆಂಡತಿಯ ತಮ್ಮಂದಿರು ಬಂದು ಇಡೀ ಹೊಲಕ್ಕೆ ಭತ್ತ ಬಿತ್ತಿದರು. ಕುಡುಗೋಲು ಹಿಡಿದು ಇಬ್ಬರು ಕಾವಲು. ತಮ್ಮನ ಹೆಂಡತಿ ಅಡ್ಡ ಹೋದಾಗ ಹೊಟ್ಟೆಗೆ ಒದ್ದು ಗಟಾರಿಗೆ ಉರುಳಿಸಿದರು. ಪೊಲೀಸರು ಬಂದು ನೋಡಿ, ಉತಾರ ಕೇಳಿ, ಅವರ ಕಾಗದ ನೋಡಿ, "ನಿಂದೇನ ಐತಿ ಇಲ್ಲಿ?" ಎಂದು ಇವಳನ್ನೇ ಬೈದು ಹೋದರು. ಇದನ್ನೆಲ್ಲ ಅವಳೇ ನನಗೆ ಹೇಳಿದಳು. ದವಾಖಾನೆಯ ಆ ದಿನದಿಂದ ಅವಳಿಗೆ ನಾನು ತನ್ನವಳು. ವಾರಕ್ಕೆ ಎರಡು ಸಲ ಕಿಟಕಿಗೆ ಬಂದು, ಪಾಳಿಯಲ್ಲಿ ನಿಂತವರು ಮುಗಿಯುವ ತನಕ ಕಾದು, ಎಲ್ಲ ಹೇಳಿಕೊಂಡು ಹೋಗುತ್ತಿದ್ದಳು. ಒಮ್ಮೆ ಹರಿವೆ ಸೊಪ್ಪು ತಂದು ಕೊಟ್ಟಳು. ಆ ಸೊಪ್ಪು ನನ್ನಿಂದ ಉಣ್ಣಲಾಗಲಿಲ್ಲ.

ಸೊಪ್ಪು ಕೊಟ್ಟ ಮರುವಾರ ಬಂದವಳು ಕಿಟಕಿಯ ಹಲಗೆಗೆ ಮೊಳಕೈ ಊರಿ ಕೇಳಿದಳು. "ಬಾಯಾರ, ಒಂದ ಮಾತ. ಆ ಅಕ್ಷರ ತಾವ ಉದುರಿ ಹೋಗಿಲ್ಲಲಾ. ಯಾರರೆ ತಗದಿರಬೇಕಲಾ. ನಮ್ಮ ಭಾವ ಯಾರಿಗೋ ಹೇಳಿ ತಗಿಸ್ಯಾನ ಅಂತಾರ ಊರಾಗ. ಯಾರ ಅಂತ ನಿಮಗ ಗೊತ್ತಿರತೈತಿ. ಹೆಸರ ಹೇಳ್ರಿ ಸಾಕು. ಉಳದದ್ದ ನಾ ನೋಡಕೋತೇನಿ."

ಪಾಳಿಯಲ್ಲಿ ಆರೇಳು ಜನ ನಿಂತಿದ್ದರು. ನಾನು ಎದ್ದು, ಬಾಗಿಲು ತೆರೆದು, ಹೊರಗೆ ಅವಳ ಮುಂದೆ ಬಂದು ನಿಂತೆ.

"ಭಾವ ತಗಿಸಿಲ್ಲ. ನಿಮ್ಮ ಊರಿಂದು ಟೈಪ್ ಮಾಡಿದಾಕಿ ನಾನ. ಪುಸ್ತಕದಾಗ ಇತ್ತು, ನೋಡೇನಿ. ಅರ್ಥಾನೂ ಗೊತ್ತಿತ್ತು. ತ್ರಾಸ ಅಂತ ಬಿಟ್ಟೆ."

ಅವಳಿಗೆ ಒಂದು ಕ್ಷಣ ತಿಳಿಯಲಿಲ್ಲ. "ತ್ರಾಸ?" ಅಂದಳು.

"ಹೂಂ. ಕೈ ನೋಯಾಕತ್ತಿದ್ದೂ."

ಹೊಡೆತ ಬಂದದ್ದು ಕಾಣಲಿಲ್ಲ. ಕನ್ನಡಕ ಹಾರಿ ಗೋಡೆಗೆ ಬಡಿಯಿತು. ಬಳೆ ಒಡೆದು ಕೆನ್ನೆಯಲ್ಲಿ ಹೊಕ್ಕಿತು. ಎರಡನೆಯದಕ್ಕೆ ನಾನು ನೆಲದ ಮೇಲಿದ್ದೆ. ಅವಳು ನನ್ನ ತುರುಬು ಹಿಡಿದು ತಲೆಯನ್ನು ಮೆಟ್ಟಿಲಿಗೆ ಬಡಿಯುತ್ತ ಕಿರುಚುತ್ತಿದ್ದಳು.

"ಕೈ ನೋಯತಿದ್ದೂವೇನ? ನಿನ್ನ ಕೈ ನೋಯತಿದ್ದೂವೇನ? ನನ್ನ ಗಂಡನ ಬಟ್ಟ ಆರಿಸೇನಿ ನಾ! ಮಣ್ಣ ತೊಳದೇನಿ! ಉಗರ ಇದ್ದೂ ಅದಕ! ನಿನ್ನ ಕೈ ನೋಯತಿದ್ದೂವೇನs ರಂಡೇ!"

ಚಾಚಾ ಓಡಿ ಬಂದು ಅವಳ ರೆಟ್ಟೆ ಹಿಡಿದು ಎಳೆದ. ಪಾಳಿಯಲ್ಲಿದ್ದ ಒಬ್ಬ ಅವಳ ಬೆನ್ನಿಗೆ ಗುದ್ದಿದ. "ಬಿಡ್ರಿ ಅಕೀನ," ಎಂದು ಕೂಗಿದೆ. ಬಾಯಲ್ಲಿ ರಕ್ತದ ಉಪ್ಪು. "ಯಾರೂ ಮುಟ್ಟಬ್ಯಾಡ್ರಿ. ಪೊಲೀಸರನ್ನ ಕರೀಬ್ಯಾಡ್ರಿ. ಚಾಚಾ, ನಿಮಗ ಹೇಳಾಕತ್ತೇನಿ, ಬಿಡ್ರಿ!" ಅವಳು ಬಿಡಿಸಿಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕುಸಿದಳು. ಇಬ್ಬರೂ ಏದುಸಿರು ಬಿಡುತ್ತ ಕೂತಿದ್ದೆವು, ಮೂರು ಮೊಳ ಅಂತರದಲ್ಲಿ. ಚಾಚಾ ಒಂದು ತಂಬಿಗೆ ನೀರು ತಂದು ಯಾರಿಗೆ ಕೊಡಬೇಕೆಂದು ತಿಳಿಯದೆ ನಡುವೆ ಇಟ್ಟ.

ಆ ಮಧ್ಯಾಹ್ನವೇ ಬರೆದುಕೊಟ್ಟೆ. ಕೆನ್ನೆಗೆ ಹತ್ತಿ ಒತ್ತಿಕೊಂಡು, ಕನ್ನಡಕವಿಲ್ಲದೆ, ಅಕ್ಷರ ದೊಡ್ಡದಾಗಿ ಬರೆದೆ. ಆರು ಹಳ್ಳಿಯ ಹೆಸರನ್ನೂ ಹಾಕಿದೆ. ಸಾಹೇಬರು ಓದಿ ಪೆನ್ನು ಮೇಜಿಗೆ ಕುಕ್ಕಿದರು.

"ಬಾಯಾರ, ಕೈತಪ್ಪಿ ಬಿಟ್ಟೈತಿ ಅಂತ ಬರೀರಿ. ಗೊತ್ತಿದ್ದೂ ಬಿಟ್ಟೆ ಅಂತ ಯಾರರೆ ಬರೀತಾರೇನ? ನಿಮ್ಮ ಕುಣಿ ನೀವ ತೋಡಾಕತ್ತೀರಲ್ಲ."

"ಕೈತಪ್ಪಿದ್ರ ಒಂದೆರಡ ತಪ್ಪತಾವ್ರಿ ಸಾಹೇಬ್ರ. ಆರ ಊರ ತಪ್ಪಂಗಿಲ್ಲ."

"ಮೆಮೋ ಬರತೈತಿ."

"ಬರಲಿ."

ಬಂತು. ಅದರ ಕಥೆ ಬೇರೆ, ಇಲ್ಲಿ ಬೇಡ. ತಲಾಠಿ ಬೈದುಕೊಳ್ಳುತ್ತಲೇ ತಮ್ಮ ಹಳೆಯ ಪುಸ್ತಕ ತಂದು ಸಾಹೇಬರ ಮುಂದೆ ತೆರೆದರು. "ಹೇಳಿದ್ದಿಲ್ಲೇನು, ಕಡೀಕೆ ನನ್ನ ಬುಕ್ಕಿಗೇ ಬರತೀರಿ ಅಂತ," ಅಂದರು. ಆಮೇಲೆ ತಾಳೆಪಟ್ಟಿಯ ಮೇಲೆ ತಾವೇ ಹಾಕಿದ್ದ ಸಹಿ ಕಂಡು ಆ ಹಾಳೆಯನ್ನು ಮಗುಚಿ ಇಟ್ಟರು. ಶ್ರಾವಣ ಮುಗಿಯುವುದರೊಳಗೆ ತಿದ್ದುಪಡಿ ಆದೇಶವಾಯಿತು. ಆರೂ ಹಳ್ಳಿಯ ಹೆಸರುಗಳಿಗೆ, ಆ ಇನ್ನೊಂದು ಪುಟ ತೆರೆದು ತೆರೆದು, ಮೂರು ಮೂರು ಅಕ್ಷರ ನಾನೇ ಹೊಡೆದೆ. ಬೇರೆ ಯಾರಿಗೂ ಕೊಡಲಿಲ್ಲ.

ಗಂಡ ಹೆಂಡತಿ ಒಟ್ಟಿಗೇ ಬಂದರು. ಅವನ ಬಲಗೈಯ ಪಟ್ಟಿ ಬಿಚ್ಚಿದ್ದರು. ಹೆಬ್ಬೆರಳು, ಕಿರಿಬೆರಳು ಇದ್ದವು, ನಡುವೆ ಗುಲಾಬಿ ಬಣ್ಣದ ಹೊಸ ಚರ್ಮ. ಅವನು ಆ ಕೈಯನ್ನು ಬಚ್ಚಿಡುತ್ತಿರಲಿಲ್ಲ, ತೋರಿಸುತ್ತಲೂ ಇರಲಿಲ್ಲ. ಅವಳು ನನ್ನ ಮುಖ ನೋಡಲಿಲ್ಲ. ಹಾಳೆ ಪ್ರಿಂಟರಿನಿಂದ ಬಂದದ್ದೇ ಅವನು ಎಡಗೈಯಲ್ಲಿ ತೆಗೆದುಕೊಂಡು, ಹಲಗೆಯ ಮೇಲೆ ಚಾಚಿ, ಚುಕ್ಕಿ ಹುಡುಕಿದ. ಈ ಸಲ ಕೆಳಗೆ, ಬೇರೆ ಕಾಲಂನಲ್ಲಿದ್ದವು. ಬೆರಳಿಟ್ಟು ತೋರಿಸಿದೆ.

"ಬಂದೂ," ಅಂದ. ಹೆಂಡತಿಯ ಕಡೆ ತಿರುಗಿ ಮರಾಠಿಯಲ್ಲಿ ಇನ್ನೊಮ್ಮೆ, "ಆಲೀ," ಅಂದ. ಆಮೇಲೆ ನನ್ನನ್ನು ಕೇಳಿದ, "ಅಂದ್ರ ಏನ್ರಿ ಬಾಯಾರ, ಇದರ ಅರ್ಥ? ಅಪ್ಪ ಇದ್ದಾಗಿಂದ ನೋಡೇನಿ. ಇದ್ರ ಹೊಲ ನಮ್ದೂ ಆಗತೈತಿ ಅಂತ ಅಷ್ಟ ಗೊತ್ತು."

ಅಷ್ಟು ದಿನದಲ್ಲಿ ಅವನಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

"ಏಕತ್ರ ಕುಟುಂಬದ ಕರ್ತಾ," ಎಂದು ಓದಿದೆ. "ಅಂದ್ರ, ನಿಮ್ಮದು ಒಂದ ಮನಿ. ಆ ಮನಿಗೆ ನಿಮ್ಮ ಅಣ್ಣ ಯಜಮಾನ. ನಿಮ್ಮೆಲ್ಲಾರ ಪರವಾಗಿ ಅವನ ಹೆಸರು."

ಅವನು ಹಾಳೆಯನ್ನೇ ನೋಡುತ್ತಿದ್ದ. ಹೆಂಡತಿ ಆಗ ಮೊದಲ ಸಲ ನನ್ನ ಕಡೆ ನೋಡಿದಳು. ನನ್ನ ಕೆನ್ನೆಯ ಕಲೆ ನೋಡಿದಳೋ ಕಣ್ಣು ನೋಡಿದಳೋ.

"ಕೈ ಕಡದಾಂವ ನಮ್ಮ ಯಜಮಾನ," ಅಂದಳು. "ಮತ್ತೊಮ್ಮೆ ಬರದ ಕೊಟ್ರಿ."

"ಇದಿದ್ರ ವಾಟ್ನಿ ಕೇಳಬಹುದು," ಅಂದೆ. "ಪಾಲು ಬ್ಯಾರೆ ಮಾಡಿ ಇವರ ಹೆಸರಿಗೆ ಬ್ಯಾರೆ ಉತಾರ. ಇದು ಇಲ್ಲದ ಅದು ಆಗತಿದ್ದಿಲ್ಲ."

"ಮಾಡ್ರಿ ಹಂಗಾರ. ಈಗ ಮಾಡ್ರಿ."

"ಅದಕ್ಕ ಇಬ್ಬರದೂ ಸಹಿ ಬೇಕು. ಇವರದು, ಅವರದು. ಅವರು ಒಲ್ಲೆ ಅಂದ್ರ ಕೋರ್ಟು. ಕೋರ್ಟಂದ್ರ ವರ್ಷಗಟ್ಟಲೆ."

ಅವನು ಹಾಳೆಯನ್ನು ನಾಲ್ಕಾಗಿ ಮಡಚಲು ನೋಡಿದ. ಎಡಗೈಗೆ ಇನ್ನೂ ಅಭ್ಯಾಸವಾಗಿರಲಿಲ್ಲ, ಅಂಚು ಸೊಟ್ಟಗಾಯಿತು. ಅವಳು ಕಸಿದುಕೊಂಡು, ನೆಟ್ಟಗೆ ಮಡಚಿ, ಚೀಲದಲ್ಲಿ ಇಟ್ಟಳು.

"ಸಹಿ ಮಾಡತಾನೇನು ದಾದಾ?" ಅವನು ಯಾರನ್ನು ಕೇಳಿದನೋ.

"ಮಾಡಲಿ, ಬಿಡಲಿ. ಮುಖಾ ನೋಡಿ ಕೇಳೂಣು," ಅಂದಳು ಅವಳು. ವಾಟ್ನಿಯ ಅರ್ಜಿ ನಮೂನೆ ಕೇಳಿದಳು. ಎರಡು ಕೊಟ್ಟೆ, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು. ಸಹಿ ಎಲ್ಲಿ ಆಗಬೇಕೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದೆ. ಜೇಲಿನ ಕಡೆ ಹೋಗುವ ಬಸ್ಸು ಬೆಳಗಾವಿ ಸ್ಟ್ಯಾಂಡಿನಲ್ಲಿ ಎಲ್ಲಿ ನಿಲ್ಲುತ್ತದೆ, ಭೇಟಿಗೆ ಎಷ್ಟು ಹೊತ್ತಿಗೆ ಬಿಡುತ್ತಾರೆ ಎಂದು ಕೇಳಿದಳು. ಬಸ್ಸು ನಿಲ್ಲುವ ಜಾಗ ನನಗೆ ಗೊತ್ತಿತ್ತು, ಹೇಳಿದೆ. ಭೇಟಿಯ ಹೊತ್ತು ಗೊತ್ತಿರಲಿಲ್ಲ. ಚಾಚಾನಿಗೆ ಗೊತ್ತಿತ್ತು.